ನಿಯಮ ಓದಿ ಹೇಳಿದರೆ ಸಾಲದು, ಕಲಿಸಬೇಕು: ಹೊಸ ಶಾಲಾ ವರ್ಷದ ಮೊದಲ ಎರಡು ವಾರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪ್ರಾಥಮಿಕ ಶಾಲೆಗೆ ಟೀಚರ್ ಆಗಿ ಸೇರಿ ಒಂದು ವರ್ಷವಾಯಿತು. ಈ ಸಲ ಮೂರನೇ ತರಗತಿ ಕೊಟ್ಟಿದ್ದಾರೆ, 34 ಮಕ್ಕಳು. ಕಳೆದ ವರ್ಷ ಮೊದಲ ದಿನವೇ ಹತ್ತು ನಿಯಮಗಳನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿ ಎಲ್ಲರಿಗೂ ಓದಿ ಹೇಳಿದ್ದೆ. ಎರಡನೇ ವಾರಕ್ಕೆ ಅದರ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ವರ್ಷವಿಡೀ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಈಗ ಒಬ್ಬ ಹಿರಿಯ ಸಹೋದ್ಯೋಗಿ "ಮೊದಲ ಒಂದು ತಿಂಗಳು ಮಕ್ಕಳೆದುರು ನಗಲೇಬೇಡಿ" ಎನ್ನುತ್ತಾರೆ. ಇನ್ನೊಬ್ಬರು "ಮೊದಲ ವಾರ ಪಾಠವೇ ಬೇಡ, ಬರೀ ಆಟ ಆಡಿಸಿ" ಎನ್ನುತ್ತಾರೆ. ಯಾರ ಮಾತು ಕೇಳಲಿ? ಪಾಠ ಯಾವಾಗ ಶುರು ಮಾಡಲಿ? ಹಿಂದಿನ ತರಗತಿಯ ಟೀಚರ್ ಐದಾರು ಮಕ್ಕಳ ಹೆಸರು ಹೇಳಿ "ಇವರ ಮೇಲೆ ಒಂದು ಕಣ್ಣಿರಲಿ" ಎಂದಿದ್ದಾರೆ. ಅದನ್ನು ಎಷ್ಟು ನಂಬಲಿ? ಶಾಲೆ ತೆರೆಯಲು ನಾಲ್ಕೇ ದಿನ ಇದೆ.

ಉತ್ತರ:

ನಿಮ್ಮ ಪತ್ರ ಓದುತ್ತಾ ನಾನು ನಿಂತದ್ದು "ಓದಿ ಹೇಳಿದ್ದೆ" ಎಂಬಲ್ಲಿ. ಏಳರ ಮಗ್ಗಿಯನ್ನು ಒಂದು ಸಲ ಓದಿ ಹೇಳಿ, ಚಾರ್ಟ್ ಅಂಟಿಸಿ, ಎರಡನೇ ವಾರಕ್ಕೆ ಮಕ್ಕಳಿಗೆ ಅದು ಬರಲಿಲ್ಲವೆಂದು ನೀವು ಬೇಸರ ಮಾಡಿಕೊಳ್ಳುವುದಿಲ್ಲ. ಮಗ್ಗಿಯನ್ನು ಹೇಳಿಸುತ್ತೀರಿ, ಬರೆಸುತ್ತೀರಿ, ತಪ್ಪಿದಲ್ಲಿ ತಿದ್ದುತ್ತೀರಿ, ಒಂದು ವಾರ ಬಿಟ್ಟು ಮತ್ತೆ ಕೇಳುತ್ತೀರಿ. ನೋಟ್‌ಬುಕ್ ಒಪ್ಪಿಸುವುದು, ಸಾಲಿನಲ್ಲಿ ನಡೆಯುವುದು, ಮಾತು ನಿಲ್ಲಿಸಿ ನಿಮ್ಮ ಕಡೆ ನೋಡುವುದು, ಇವೂ ಎಂಟು ವರ್ಷದ ಮಗುವಿಗೆ ಮಗ್ಗಿಯ ಹಾಗೇ ಕಲಿಯಬೇಕಾದ ವಿಷಯಗಳು. ಕಳೆದ ವರ್ಷ ನಿಮ್ಮ ಮಕ್ಕಳು ನಿಯಮ ಮುರಿದರು ಎಂದು ನನಗನ್ನಿಸುವುದಿಲ್ಲ. ಅವರು ಅದನ್ನು ಕಲಿತೇ ಇರಲಿಲ್ಲ.

ಇದು ನನ್ನೊಬ್ಬಳ ಅನುಭವವಷ್ಟೇ ಆಗಿದ್ದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. 1980ರಲ್ಲಿ ಅಮೆರಿಕದ ಎಡ್ಮಂಡ್ ಎಮ್ಮರ್, ಕ್ಯಾರೊಲಿನ್ ಎವರ್ಟ್‌ಸನ್ ಮತ್ತು ಲಿಂಡಾ ಆಂಡರ್ಸನ್ ಒಂದು ಅಧ್ಯಯನ ಪ್ರಕಟಿಸಿದರು. ಅವರು ಆರಿಸಿಕೊಂಡದ್ದೂ ಮೂರನೇ ತರಗತಿಗಳನ್ನೇ. ಶಾಲೆ ತೆರೆದ ಮೊದಲ ದಿನಗಳಿಂದಲೇ ಕೋಣೆಯಲ್ಲಿ ಕುಳಿತು ನೋಡಿದರು, ವರ್ಷದ ಮುಂದಿನ ತಿಂಗಳುಗಳಲ್ಲೂ ಅದೇ ತರಗತಿಗಳಿಗೆ ಮತ್ತೆ ಹೋದರು. ತರಗತಿ ಹಿಡಿತದಲ್ಲಿದ್ದ ಟೀಚರುಗಳ ಬಳಿ ನಿಯಮಗಳಿದ್ದವು, ತರಗತಿ ಕೈತಪ್ಪಿದ್ದ ಟೀಚರುಗಳ ಬಳಿಯೂ ನಿಯಮಗಳಿದ್ದವು. ವ್ಯತ್ಯಾಸ ಇದ್ದದ್ದು ಮೊದಲ ಮೂರು ವಾರಗಳಲ್ಲಿ. ಒಂದು ಗುಂಪಿನವರು ಪ್ರತಿ ರೂಢಿಯನ್ನೂ ವಿವರಿಸಿ, ಮಾಡಿ ತೋರಿಸಿ, ಮಕ್ಕಳಿಂದ ಮಾಡಿಸಿ, ತಪ್ಪಿದ ಕೂಡಲೇ ತಿದ್ದಿದ್ದರು. ಇನ್ನೊಂದು ಗುಂಪಿನವರು ಹೇಳಿ ಮುಂದೆ ಹೋಗಿದ್ದರು.

ಹಾಗಾದರೆ ಕಲಿಸಬೇಕಾದ್ದು ಏನು? ನಿಮ್ಮ ಹತ್ತು ನಿಯಮಗಳಲ್ಲಿ "ಶಿಸ್ತಿನಿಂದ ಇರಬೇಕು" ಎಂಬುದು ಇತ್ತೇ? ಇದ್ದೇ ಇರುತ್ತದೆ, ನನ್ನ ಮೊದಲ ಚಾರ್ಟಿನಲ್ಲೂ ಇತ್ತು. ಆ ಮಾತು ಮಗುವಿಗೆ ಏನನ್ನೂ ಮಾಡಲು ಹೇಳುವುದಿಲ್ಲ. ಬರೆಯುತ್ತಿರುವಾಗ ಪೆನ್ಸಿಲ್ ಮೊನೆ ಮುರಿದರೆ ನಾನು ಏನು ಮಾಡಬೇಕು ಎಂಬುದು ಮಗುವಿನ ನಿಜವಾದ ಪ್ರಶ್ನೆ. ಬಾಯಾರಿದರೆ? ಶೌಚಾಲಯಕ್ಕೆ ಹೋಗಬೇಕೆನಿಸಿದರೆ, ಅದೂ ಟೀಚರ್ ಇನ್ನೊಬ್ಬರೊಂದಿಗೆ ಮಾತಾಡುತ್ತಿರುವಾಗ? ನನ್ನದು ಮುಗಿದು ಪಕ್ಕದವನದು ಇನ್ನೂ ಅರ್ಧವಿದ್ದರೆ? ನಿನ್ನೆ ಬಂದಿರಲಿಲ್ಲ, ನಿನ್ನೆಯ ಲೆಕ್ಕ ಯಾರನ್ನು ಕೇಳಲಿ? ಇಂಥ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದ ಮಗು ಸುಮ್ಮನೆ ಕೂರುವುದಿಲ್ಲ. ಎದ್ದು ಬರುತ್ತದೆ, ಪಕ್ಕದವನನ್ನು ಕೇಳುತ್ತದೆ, ಕೂಗುತ್ತದೆ. ಅದನ್ನೇ ನಾವು ಗಲಾಟೆ ಎನ್ನುತ್ತೇವೆ.

ಅದಕ್ಕೇ ಈ ನಾಲ್ಕು ದಿನಗಳಲ್ಲಿ ಒಂದು ಗಂಟೆ ಖಾಲಿ ಕೋಣೆಗೆ ಹೋಗಿ ಮಗುವಿನ ಹಾಗೆ ಒಂದು ದಿನ ಬದುಕಿ ನೋಡಿ. ಬಾಗಿಲಿನಿಂದ ಒಳಗೆ ಬನ್ನಿ. ಚೀಲ ಎಲ್ಲಿಡುತ್ತೀರಿ? ಕುಳಿತರೆ ಬೋರ್ಡು ಕಾಣುತ್ತದೆಯೇ? ಕೊನೆಯ ಬೆಂಚಿನಿಂದ ನೀರಿನ ಬಾಟಲಿ ಇಡುವ ಜಾಗಕ್ಕೆ ಹೋಗಬೇಕಾದರೆ ಎಷ್ಟು ಮಂದಿಯ ಕೈ ತಾಗುತ್ತದೆ? ಕಸದ ಬುಟ್ಟಿ ಎಲ್ಲಿದೆ? ಪೆನ್ಸಿಲ್ ಕೆತ್ತುವ ನೆಪದಲ್ಲಿ ನಾಲ್ವರು ಆ ಬುಟ್ಟಿಯ ಸುತ್ತ ಸಭೆ ಸೇರುವಷ್ಟು ಜಾಗ ಅಲ್ಲಿದೆಯೇ? ನೋಡಿದ್ದನ್ನೆಲ್ಲ ಬರೆದುಕೊಳ್ಳಿ. ಇಪ್ಪತ್ತೋ ಇಪ್ಪತ್ತೈದೋ ಸಂದರ್ಭಗಳು ಸಿಗುತ್ತವೆ. ಪ್ರತಿಯೊಂದಕ್ಕೂ ನೀವೇ ಮೊದಲು ಒಂದು ಉತ್ತರ ಗಟ್ಟಿ ಮಾಡಿಕೊಳ್ಳಿ. ಟೀಚರಿಗೇ ಖಚಿತವಿಲ್ಲದ ರೂಢಿ ಸೋಮವಾರ ಒಂದು ಥರ, ಗುರುವಾರ ಇನ್ನೊಂದು ಥರ ಆಗುತ್ತದೆ, ಮಕ್ಕಳು ಅದನ್ನು ತಕ್ಷಣ ಗುರುತಿಸುತ್ತಾರೆ.

ಪೆನ್ಸಿಲ್ ವಿಷಯ ತೀರಾ ಚಿಕ್ಕದಾಗಿ ಕಾಣಬಹುದು. ಆದರೆ ಬರವಣಿಗೆಯ ಅವಧಿಯಲ್ಲಿ ಇಡೀ ತರಗತಿಯ ಗಮನ ಕೆಡಿಸುವ ಕಾರಣಗಳಲ್ಲಿ ಮುರಿದ ಮೊನೆಗೇ ನಾನು ಮೊದಲ ಸ್ಥಾನ ಕೊಡುತ್ತೇನೆ. ಎರಡು ಡಬ್ಬಿ ಇಡಿ. ಒಂದರಲ್ಲಿ ಕೆತ್ತಿದ ಪೆನ್ಸಿಲ್‌ಗಳು, ಇನ್ನೊಂದು ಖಾಲಿ. ಮೊನೆ ಮುರಿದ ಮಗು ಎದ್ದು, ಮುರಿದದ್ದನ್ನು ಖಾಲಿ ಡಬ್ಬಿಗೆ ಹಾಕಿ, ಕೆತ್ತಿದ್ದನ್ನು ತೆಗೆದುಕೊಂಡು ಹೋಗಿ ಕೂರುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ಸಂಜೆ ಇಬ್ಬರು ಮಕ್ಕಳು ಮುರಿದವನ್ನೆಲ್ಲ ಕೆತ್ತಿಡುತ್ತಾರೆ. ಅದು ಅವರಿಗೆ ಇಷ್ಟದ ಕೆಲಸ, ಆ ಸರದಿಗಾಗಿ ಕಾಯುತ್ತಾರೆ.

ಇನ್ನು ಕಲಿಸುವ ಬಗೆ. ಎಲ್ಲ ರೂಢಿಗಳಿಗಿಂತ ಮೊದಲು ಬೇಕಾದ್ದು ಗಮನ ಸೆಳೆಯುವ ಒಂದು ಸಂಕೇತ. ಕೈ ಎತ್ತುವುದಿರಲಿ, ಎರಡು ಚಪ್ಪಾಳೆಯಿರಲಿ, ಚಿಕ್ಕ ಗಂಟೆಯಿರಲಿ, ಯಾವುದಾದರೂ ಒಂದು. ನಾನು ಕೈ ಎತ್ತುವುದನ್ನೇ ಇಷ್ಟಪಟ್ಟೆ, ಗಂಟಲಿಗೆ ಕೆಲಸವಿಲ್ಲ. ಮಕ್ಕಳಿಗೆ ಹೀಗೆ ಹೇಳಿ: "ನಾನು ಕೈ ಎತ್ತಿದಾಗ ನೀವು ಮೂರು ಕೆಲಸ ಮಾಡಬೇಕು. ಕೈಯಲ್ಲಿರುವುದನ್ನು ಕೆಳಗಿಡಬೇಕು, ಬಾಯಿ ಮುಚ್ಚಬೇಕು, ನನ್ನ ಕಡೆ ತಿರುಗಬೇಕು." ಇಬ್ಬರು ಮಕ್ಕಳನ್ನು ಎಬ್ಬಿಸಿ ಮಾಡಿಸಿ. ಆಮೇಲೆ ಎಲ್ಲರಿಗೂ "ಈಗ ಪಕ್ಕದವರ ಜೊತೆ ಜೋರಾಗಿ ಮಾತಾಡಿ" ಎನ್ನಿ. ಇದನ್ನು ಕೇಳಿದಾಗ ಅವರ ಮುಖ ನೋಡಬೇಕು, ಟೀಚರೇ ಗಲಾಟೆ ಮಾಡಲು ಹೇಳುತ್ತಿದ್ದಾರಲ್ಲ ಎಂಬ ಸಂತೋಷ. ಕೋಣೆ ತುಂಬಿಕೊಂಡಾಗ ಕೈ ಎತ್ತಿ ಸುಮ್ಮನೆ ನಿಲ್ಲಿ. ಹನ್ನೆರಡು ಸೆಕೆಂಡ್ ಹಿಡಿದರೆ "ಹನ್ನೆರಡು ಸೆಕೆಂಡ್ ಆಯಿತು, ಇನ್ನೊಮ್ಮೆ ಮಾಡೋಣ" ಎನ್ನಿ. ದನಿಯಲ್ಲಿ ಸಿಟ್ಟು ಬೇಡ, ಕಾಗುಣಿತ ತಪ್ಪಿದಾಗ ಮತ್ತೆ ಬರೆಸುವಂತೆಯೇ ಇದೂ.

ಈಗ ಹೇಳುವುದನ್ನು ದಯವಿಟ್ಟು ಮನಸ್ಸಿಟ್ಟು ಓದಿ, ನಿಮ್ಮ ಗಂಟಲು ಕಟ್ಟಿದ್ದರ ಮೂಲ ಇಲ್ಲೇ ಇದೆ. ಸಂಕೇತ ಕೊಟ್ಟ ಮೇಲೆ ಕೊನೆಯ ಮಗು ಸುಮ್ಮನಾಗುವ ತನಕ ನೀವು ಒಂದು ಮಾತೂ ಆಡಬಾರದು. 30 ಮಕ್ಕಳು ಸುಮ್ಮನಾಗಿ ನಾಲ್ವರು ಮಾತಾಡುತ್ತಿರುವಾಗ ನೀವು ದನಿ ಏರಿಸಿ ಪಾಠ ಶುರು ಮಾಡಿದರೆ, ಸುಮ್ಮನಾಗದಿದ್ದರೂ ನಡೆಯುತ್ತದೆ ಎಂದು ಎಲ್ಲರಿಗೂ ಕಲಿಸಿದಂತಾಯಿತು. ಮರುದಿನ ಎಂಟು ಮಂದಿ ಮಾತಾಡುತ್ತಾರೆ, ನಿಮ್ಮ ದನಿ ಇನ್ನಷ್ಟು ಏರುತ್ತದೆ. ಮೊದಲ ವಾರದಲ್ಲಿ ಕಾಯುವುದಕ್ಕೇ ಹತ್ತು ನಿಮಿಷ ಹೋದರೂ ಹೋಗಲಿ.

ಒಂದೇ ದಿನಕ್ಕೆ ಎಲ್ಲವನ್ನೂ ಸುರಿಯಬೇಡಿ. ದಿನಕ್ಕೆ ಮೂರು ಹೊಸ ರೂಢಿ ಸಾಕು, ಅದೂ ಆಯಾ ಸಂದರ್ಭ ಬಂದಾಗಲೇ. ಬಿಡುವಿಗೆ ಹೊರಡುವ ಮೊದಲು ಸಾಲು ನಿಲ್ಲುವುದನ್ನು ಕಲಿಸಿ, ಬೆಳಗ್ಗೆ ಹಾಜರಿ ಹೊತ್ತಿನಲ್ಲಿ ಬೇಡ. ಈ ವಯಸ್ಸಿನ ಮಗು ಒಮ್ಮೆಗೆ ಎರಡು, ಹೆಚ್ಚೆಂದರೆ ಮೂರು ಸೂಚನೆ ತಲೆಯಲ್ಲಿಟ್ಟುಕೊಳ್ಳುತ್ತದೆ. "ಪುಸ್ತಕ ತೆಗೆದು, ದಿನಾಂಕ ಬರೆದು, ಗೆರೆ ಎಳೆದು, ಮೂರನೇ ಪ್ರಶ್ನೆ ಬರೆದು, ಮುಗಿದವರು ಪಕ್ಕದವರ ಜೊತೆ ಬದಲಾಯಿಸಿಕೊಳ್ಳಿ" ಎಂದರೆ ಹತ್ತು ಕೈ ಮೇಲೇಳುತ್ತವೆ: "ಮಿಸ್, ಏನು ಬರೀಬೇಕು?" ಅದು ಅಜಾಗರೂಕತೆ ಅಲ್ಲ, ಜಾಗ ತುಂಬಿ ಚೆಲ್ಲಿದ್ದು. ಸೂಚನೆ ಉದ್ದವಿದ್ದರೆ ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ.

ಸಿಲೆಬಸ್ ಹಿಂದೆ ಬೀಳುತ್ತದೆ ಎಂಬ ಭಯ ನಿಮಗಿರುವುದು ಪತ್ರದಲ್ಲೇ ಕಾಣುತ್ತದೆ. ಒಂದು ಸರಳ ಲೆಕ್ಕ ಹಾಕೋಣ. ನೋಟ್‌ಬುಕ್ ಒಪ್ಪಿಸುವುದು, ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳುವುದು, ಬಿಡುವಿನಿಂದ ಬಂದು ಕೂರುವುದು, ಇಂಥ ಹೊರಳುವ ಗಳಿಗೆಗಳು ದಿನಕ್ಕೆ ಕನಿಷ್ಠ ಐದು. ರೂಢಿಯಾದ ತರಗತಿ ಒಂದೊಂದರಲ್ಲೂ ಮೂರು ನಿಮಿಷ ಉಳಿಸಿದರೆ ದಿನಕ್ಕೆ 15 ನಿಮಿಷ. ವರ್ಷಕ್ಕೆ 200 ದಿನ ಶಾಲೆ ನಡೆದರೆ 3000 ನಿಮಿಷ, ಅಂದರೆ 50 ಗಂಟೆ. ಮೊದಲ ಎರಡು ವಾರಗಳಲ್ಲಿ ದಿನಕ್ಕೊಂದು ಗಂಟೆ ರೂಢಿಗಳಿಗೇ ಕೊಟ್ಟರೂ ನಿಮ್ಮ ಖರ್ಚು ಹತ್ತು ಹನ್ನೆರಡು ಗಂಟೆ. ಮುಖ್ಯೋಪಾಧ್ಯಾಯರು ಕೇಳಿದರೆ ಈ ಲೆಕ್ಕವನ್ನೇ ತೋರಿಸಿ.

ನಗಬೇಡಿ ಎಂದ ಹಿರಿಯರ ಮಾತಿಗೆ ಬರುತ್ತೇನೆ. ಅವರ ಕಾಳಜಿ ನಿಜ, ಆದರೆ ಮದ್ದು ತಪ್ಪು. ಪ್ರೀತಿ ಹೆಚ್ಚಾದರೆ ಬಿಗಿ ಕಡಿಮೆಯಾಗುತ್ತದೆ, ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು ಎಂದು ಅವರು ತಿಳಿದಿದ್ದಾರೆ. ನಗುತ್ತಲೇ "ಇಲ್ಲ, ಮತ್ತೆ ಮಾಡು" ಎನ್ನಬಹುದು, ಮಕ್ಕಳು ಎರಡನ್ನೂ ಒಟ್ಟಿಗೇ ತೆಗೆದುಕೊಳ್ಳುತ್ತಾರೆ. ಮೊದಲ ತಿಂಗಳು ಮುಖ ಗಂಟಿಕ್ಕಿಕೊಂಡ ಟೀಚರ್ ಹತ್ತಿರ ಮಗು ತನಗೆ ಅರ್ಥವಾಗಲಿಲ್ಲ ಎಂದು ಹೇಳುವುದಿಲ್ಲ. ಆ ಒಂದು ತಿಂಗಳಲ್ಲಿ ಮುಚ್ಚಿಟ್ಟದ್ದು ವರ್ಷಪೂರ್ತಿ ಮುಚ್ಚಿಯೇ ಇರಬಹುದು.

ಗದರಿಕೆಯ ಬಗ್ಗೆ ಜೇಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸ ನನಗೆ ಬಹಳ ಪ್ರಿಯ. ತಮ್ಮ ಕಾಲೇಜು ತರಗತಿಯಲ್ಲಿ ಪತ್ರಿಕೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಅವರು ಗದರಿದರಂತೆ. ಗದರಿದ್ದು ಒಬ್ಬನಿಗೆ, ಮುದುಡಿದ್ದು ಇಡೀ ತರಗತಿ. ಹಾಗಾದರೆ ಯಾವ ಬಗೆಯಲ್ಲಿ ಗದರಿದರೆ ತರಗತಿ ಚೆನ್ನಾಗಿ ನಡೆಯುತ್ತದೆ ಎಂದು ಹುಡುಕುತ್ತಾ ಹೊರಟರು, ಪ್ರಾಥಮಿಕ ತರಗತಿಗಳಲ್ಲಿ ಕ್ಯಾಮೆರಾ ಇಟ್ಟು ದಿನಗಟ್ಟಲೆ ಚಿತ್ರೀಕರಿಸಿದರು. 1970ರಲ್ಲಿ ಪ್ರಕಟವಾದ ಅವರ ಫಲಿತಾಂಶ ಅವರ ಪ್ರಶ್ನೆಯನ್ನೇ ಬದಲಿಸಿತು. ಗದರುವ ಬಗೆಗೂ ಮಕ್ಕಳ ವರ್ತನೆಗೂ ಹೇಳಿಕೊಳ್ಳುವಂಥ ಸಂಬಂಧವೇ ಸಿಗಲಿಲ್ಲ. ಸಂಬಂಧ ಸಿಕ್ಕಿದ್ದು ಗದರುವ ಮೊದಲಿನ ಸಂಗತಿಗಳಿಗೆ. ಟೀಚರಿಗೆ ಬೆನ್ನಲ್ಲೂ ಕಣ್ಣಿದೆ ಎಂದು ಮಕ್ಕಳಿಗೆ ಅನ್ನಿಸುತ್ತದೆಯೇ? ಒಂದು ಮಗುವಿನ ಪುಸ್ತಕ ತಿದ್ದುತ್ತಲೇ ಮೂಲೆಯಲ್ಲಿ ಏನಾಗುತ್ತಿದೆ ಎಂದು ಗೊತ್ತಿರುತ್ತದೆಯೇ? ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ಹೋಗುತ್ತಾರೆಯೇ? ನೀವು ಮೊದಲ ವಾರದಿಂದಲೇ ರೂಢಿಸಿಕೊಳ್ಳಬೇಕಾದ್ದು ಇದನ್ನು. ಬೋರ್ಡಿನ ಮೇಲೆ ಬರೆಯುವಾಗ ಪೂರ್ತಿ ಬೆನ್ನು ತಿರುಗಿಸದೆ ಓರೆಯಾಗಿ ನಿಲ್ಲಿ. ಒಂದು ಮಗುವಿನ ಪಕ್ಕ ಬಗ್ಗಿ ನಿಂತಾಗ ಕೋಣೆ ನಿಮ್ಮ ಎದುರಿಗಿರುವಂತೆ ನಿಲ್ಲಿ. ಮಾತಾಡುತ್ತಿರುವವರ ಹತ್ತಿರ ಹೋಗಿ ನಿಂತು ಪಾಠ ಮುಂದುವರಿಸಿ, ಹೆಸರು ಕರೆಯಬೇಕಾಗಿಯೇ ಇಲ್ಲ.

ಮೊದಲ ದಿನ ಬೆಳಗ್ಗೆ ನೀವು ಬಾಗಿಲಲ್ಲಿ ಇರಿ. ಮೇಜಿನ ಹತ್ತಿರ ಹಾಜರಿ ಪುಸ್ತಕ ಹುಡುಕುತ್ತಾ ಇರಬಾರದು. ಪ್ರತಿ ಮಗುವಿಗೂ "ಬಾ, ನಿನ್ನ ಹೆಸರೇನು? ಮನೆಯಲ್ಲಿ ಏನಂತ ಕರೀತಾರೆ? ಇಲ್ಲಿ ಏನಂತ ಕರೀಲಿ?" ಎಂದು ಕೇಳಿ. ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದಿದ್ದರೆ ಮಗುವಿನಿಂದಲೇ ಎರಡು ಸಲ ಹೇಳಿಸಿಕೊಳ್ಳಿ. ಒಳಗೆ ಪ್ರತಿ ಡೆಸ್ಕಿನ ಮೇಲೆ ಒಂದು ಕೆಲಸ ಕಾದಿರಲಿ: ಅರ್ಧ ಬಿಡಿಸಿದ ಒಂದು ಚಿತ್ರದ ಹಾಳೆ ಸಾಕು, ಉಳಿದರ್ಧವನ್ನು ತಮಗೆ ಬೇಕಾದಂತೆ ಪೂರ್ತಿ ಮಾಡಲಿ. ಕೈಗೆ ಕೆಲಸ ಸಿಕ್ಕ ಮಗುವಿಗೆ ಅಂಜಿಕೆ ಅರ್ಧ ಇಳಿಯುತ್ತದೆ. ತಪ್ಪು ಸರಿ ಇಲ್ಲದ ಕೆಲಸವಾಗಿರಲಿ, ಮೊದಲ ಹಾಳೆಯಲ್ಲೇ ಸೋಲುವುದು ಬೇಡ.

ಮೂರನೇ ದಿನದೊಳಗೆ 34 ಹೆಸರೂ ನಿಮ್ಮ ಬಾಯಿಗೆ ಬರಬೇಕು. ಮೊದಲ ಮೂರು ದಿನ ನೋಟ್‌ಬುಕ್‌ಗಳನ್ನು ಲೀಡರ್ ಕೈಯಲ್ಲಿ ಹಂಚಿಸದೆ ನೀವೇ ಹೆಸರು ಓದಿ ಕೈಗೆ ಕೊಡಿ, ಮುಖ ನೋಡಿ ಕೊಡಿ. "ಏಯ್, ಕೊನೇ ಬೆಂಚು" ಎಂದು ಕರೆಸಿಕೊಂಡ ಮಗು ಯಾವಾಗಲೂ ಕೊನೇ ಬೆಂಚಿನದೇ ಆಗುತ್ತದೆ.

ಹೊಸದಾಗಿ ಶಾಲೆಗೆ ಸೇರಿದ ಮಗು ಇದ್ದರೆ ಮೊದಲು ಶೌಚಾಲಯ ತೋರಿಸಿ, ಆಮೇಲೆ ಉಳಿದದ್ದು. ಜೊತೆಗೆ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಒಂದು ವಾರಕ್ಕೆ ಗೊತ್ತು ಮಾಡಿ. ಹೊಸ ಮಗು ಬಿಡುವಿನಲ್ಲಿ ಒಂಟಿಯಾಗಿ ನಿಂತಿದೆಯೇ ಎಂದು ಮೊದಲ ಐದು ದಿನ ನೀವೇ ಹೊರಗೆ ಹೋಗಿ ನೋಡಿ.

ಆಟವೋ ಪಾಠವೋ? ಎರಡೂ, ಮೊದಲ ದಿನದಿಂದಲೇ. ಪರಿಚಯದ ಆಟ ಒಂದೆರಡು ಇರಲಿ. ಆದರೆ ಮೊದಲ ದಿನ ಸಂಜೆ ಮನೆಯಲ್ಲಿ "ಇವತ್ತು ಏನು ಕಲಿತೆ?" ಎಂದು ಕೇಳಿದಾಗ ಹೇಳಲು ಒಂದು ನಿಜವಾದ ಹೊಸ ವಿಷಯ ಮಗುವಿನ ಬಳಿ ಇರಬೇಕು. ಒಂಬತ್ತರ ಮಗ್ಗಿಯ ಉತ್ತರಗಳಲ್ಲಿ ಅಂಕಿಗಳನ್ನು ಕೂಡಿದರೆ ಒಂಬತ್ತೇ ಬರುತ್ತದೆ (18ರಲ್ಲಿ 1 ಮತ್ತು 8, 27ರಲ್ಲಿ 2 ಮತ್ತು 7) ಎಂಬುದನ್ನು ನಾನು ಎಷ್ಟೋ ವರ್ಷ ಮೊದಲ ದಿನವೇ ಮಕ್ಕಳಿಂದ ಕಂಡುಹಿಡಿಸಿದ್ದೇನೆ. ಮಾರನೆಯ ದಿನ ಬಂದು "ಮಿಸ್, ನಮ್ಮಪ್ಪನಿಗೂ ಇದು ಗೊತ್ತಿರಲಿಲ್ಲ!" ಎಂದವರಿದ್ದಾರೆ. ವಾರವಿಡೀ ಬರೀ ಆಟವಾಡಿಸಿದರೆ ಎರಡನೇ ವಾರ ಪಾಠ ಶಿಕ್ಷೆಯಂತೆ ಬಂದು ಕೂರುತ್ತದೆ.

ಹಳೆಯದನ್ನು ಮರೆತಿರುತ್ತಾರೆ, ಗಾಬರಿಯಾಗಬೇಡಿ. ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ದೀರ್ಘ ರಜೆಯ ಬಗೆಗಿನ 39 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ರಜೆಯ ನಂತರ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಸರಿದಿದ್ದರು. ಓದಿಗಿಂತ ಗಣಿತದಲ್ಲಿ, ಅದರಲ್ಲೂ ಲೆಕ್ಕ ಮಾಡುವ ಕೌಶಲದಲ್ಲಿ ಇಳಿತ ಹೆಚ್ಚು. ಆದರೆ ಮರೆತದ್ದು ಅಳಿಸಿ ಹೋಗಿರುವುದಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದಂತೆ, ಒಮ್ಮೆ ಕಲಿತು ಮರೆತದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಸಮಯ ಬೇಕಾಗುವುದಿಲ್ಲ. ಹಾಗಾಗಿ ಮೊದಲ ದಿನಗಳಲ್ಲೇ ಪರೀಕ್ಷೆ ಕೊಟ್ಟು ಅಂಕ ಹಾಕಿದರೆ ನಿಮಗೆ ತಿಳಿಯುವುದು ರಜೆಯ ತುಕ್ಕು ಮಾತ್ರ. ಮೊದಲ ವಾರ ಹಳೆಯದನ್ನು ಆಟವಾಗಿ, ಬಾಯಿಲೆಕ್ಕವಾಗಿ, ನಾಲ್ಕೈದು ಪದಗಳ ಉಕ್ತಲೇಖನವಾಗಿ ತಿರುವಿ ಹಾಕಿ. ಎರಡನೇ ವಾರದಿಂದ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ನಿಮಿಷ ಕೊಡಿ. ದಿನಕ್ಕೆ ನಾಲ್ವರಂತೆ ಒಂಬತ್ತು ದಿನಗಳಲ್ಲಿ 34 ಮಕ್ಕಳೂ ಮುಗಿಯುತ್ತಾರೆ. ಆ ಹೊತ್ತಿನಲ್ಲಿ ಉಳಿದವರು ತಾವಾಗಿ ಕೆಲಸ ಮಾಡಬೇಕು, ಅದಕ್ಕೂ ಮೊದಲ ವಾರದ ರೂಢಿಯೇ ಆಧಾರ.

ಆ ಮೂರು ನಿಮಿಷಗಳಲ್ಲಿ ಏನು ನೋಡಬೇಕು? ಓದುವಾಗ, ಮಗು ಪುಟವನ್ನು ಸರಾಗವಾಗಿ ಒಪ್ಪಿಸಿದರೆ ಅಲ್ಲಿಗೇ ತೃಪ್ತರಾಗಬೇಡಿ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ಬಾಯಿಪಾಠ ಮಾಡಿದ ಮಗು ಅಲ್ಲಿ ನಿಲ್ಲುತ್ತದೆ, ಅಥವಾ ಸಾಲಿನ ಮೊದಲಿನಿಂದ ಗುನುಗಿಕೊಂಡು ಆ ಪದಕ್ಕೆ ಬರುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ತೇಲಿಸಿ ಓದುತ್ತದೆಯೇ ಗಮನಿಸಿ. ಗಣಿತದಲ್ಲಿ 52ರಿಂದ 27 ಕಳೆಯಲು ಕೊಡಿ. 35 ಎಂದು ಬರೆದ ಮಗು ಅಜಾಗರೂಕತೆಯಿಂದ ಬರೆದಿಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಯಾವಾಗಲೋ ಕೇಳಿದ್ದನ್ನು ನಿಷ್ಠೆಯಿಂದ ಪಾಲಿಸಿ, 2ರಿಂದ 7 ಕಳೆಯುವ ಬದಲು 7ರಿಂದ 2 ಕಳೆದಿದೆ. ಆ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಇಪ್ಪತ್ತನ್ನೂ ಅದೇ ರೀತಿ ಮಾಡುತ್ತದೆ. "ಹೇಗೆ ಮಾಡಿದೆ, ನನಗೆ ಹೇಳು" ಎಂದು ಕೇಳಿ, ಆಮೇಲೆ ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಕೈಗೆ ಕೊಟ್ಟು ಬಿಚ್ಚಿಸಿ.

ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿದಾಗ, ಟೀಚರುಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ನಿಧಾನ ಎನಿಸಿಕೊಂಡಿದ್ದ ಮಕ್ಕಳೂ ಬಾಯಿಬಿಟ್ಟರು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಮೊದಲ ದಿನ ಆ ಮೌನ ನಿಮಗೇ ಕಷ್ಟವಾಗುತ್ತದೆ.

ಈಗ ಆ ಐದಾರು ಹೆಸರುಗಳು. ಇದಕ್ಕೆ ಉತ್ತರ ಹೇಳುವ ಮೊದಲು ಒಂದು ಘಟನೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ. "ಈ ಹುಡುಗ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ, ಮೊಂಡ" ಎಂದು ಹಿಂದಿನ ತರಗತಿಯಿಂದ ಮಾತು ಬಂತು. ನಾನು ಅದನ್ನು ನಂಬಿದೆ. ಉಳಿದವರನ್ನು ಕೆಡಿಸದಿರಲಿ ಎಂದು ಅವನನ್ನು ಹಿಂದಿನ ಬೆಂಚಿನ ಗೋಡೆ ಬದಿಗೆ ಕೂರಿಸಿದೆ. ಕರೆದಾಗ ತಿರುಗದಿದ್ದರೆ ಮೊಂಡುತನ ಎಂದುಕೊಂಡೆ. ಮೂರನೇ ತಿಂಗಳು ಒಂದು ದಿನ ಅವನ ಬಲಗಡೆ ಕುಳಿತು ಕಥೆ ಓದುತ್ತಿದ್ದಾಗ ಅವನು ತಲೆಯನ್ನು ಪೂರ್ತಿ ತಿರುಗಿಸಿ ಎಡ ಕಿವಿಯನ್ನು ನನ್ನತ್ತ ತಂದ. ಪರೀಕ್ಷೆ ಮಾಡಿಸಿದಾಗ ಬಲ ಕಿವಿ ಬಹುತೇಕ ಕೇಳಿಸುತ್ತಿರಲಿಲ್ಲ ಎಂದು ಗೊತ್ತಾಯಿತು. ನಾನು ಕೂರಿಸಿದ್ದ ಜಾಗದಲ್ಲಿ ಅವನ ಕೇಳುವ ಕಿವಿ ಗೋಡೆಯ ಕಡೆಗಿತ್ತು. ಅವನನ್ನು ಮುಂದಿನ ಬೆಂಚಿನ ಬಲತುದಿಗೆ ತಂದೆ. ಒಂದು ತಿಂಗಳಲ್ಲಿ ಅವನ ಕೈ ಎಲ್ಲರಿಗಿಂತ ಮೊದಲು ಮೇಲೇಳತೊಡಗಿತು. ಕಳೆದುಹೋದ ಆ ಮೂರು ತಿಂಗಳು ನನ್ನಿಂದಾದದ್ದು, ಈಗಲೂ ನೆನೆದರೆ ಹೊಟ್ಟೆ ಸಂಕಟವಾಗುತ್ತದೆ.

ಅಂದಿನಿಂದ ನಾನು ಎರಡು ಭಾಗ ಮಾಡಿಕೊಂಡೆ. ಕಣ್ಣು, ಕಿವಿ, ಮೂರ್ಛೆ, ಅಲರ್ಜಿ, ಮನೆಯಲ್ಲಿ ಸಾವು ಅಥವಾ ತೊಂದರೆ, ಮಗುವನ್ನು ಯಾರ ಜೊತೆ ಕಳುಹಿಸಬಾರದು, ಇವೆಲ್ಲ ಮೊದಲ ದಿನಕ್ಕೂ ಮುಂಚೆ ನಿಮಗೆ ಗೊತ್ತಿರಲೇಬೇಕು, ಕೇಳಿ ತಿಳಿದುಕೊಳ್ಳಿ. ತುಂಟ, ಸೋಮಾರಿ, ಮೊಂಡ, ಜಗಳಗಂಟ ಎಂಬ ಮಾತುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಮೂರು ವಾರ ಮುಚ್ಚಿಡಿ. ಆಮೇಲೆ ತೆರೆದು ನೀವು ಕಂಡದ್ದರ ಜೊತೆ ಹೋಲಿಸಿ. ಕೆಲವು ಮಾತು ನಿಜವೇ ಇರುತ್ತದೆ, ಆಗ ಆ ಹಿಂದಿನ ಟೀಚರ್ ಹತ್ತಿರ ಹೋಗಿ "ಯಾವುದು ಇವನಿಗೆ ಸಹಾಯ ಮಾಡಿತು?" ಎಂದು ಕೇಳಿ. ನಿರೀಕ್ಷೆಗೆ ಎಷ್ಟು ಬಲವಿದೆ ಎಂಬ ಬಗ್ಗೆ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಸುಮ್ಮನೆ ಚೀಟಿ ಎತ್ತಿದಂತೆ ಆರಿಸಿದ ಐದನೇ ಒಂದರಷ್ಟು ಮಕ್ಕಳನ್ನು "ಈ ವರ್ಷ ಅರಳುವವರು" ಎಂದು ಟೀಚರುಗಳಿಗೆ ಹೇಳಿದರು. ಒಂದು, ಎರಡನೇ ತರಗತಿಗಳಲ್ಲಿ ಅಂಥ ಮಕ್ಕಳು ನಿಜಕ್ಕೂ ಹೆಚ್ಚು ಮುಂದೆ ಬಂದಿದ್ದರು. ಆ ಪ್ರಯೋಗದ ಬಗ್ಗೆ ಮುಂದೆ ಬಹಳ ವಾದವಾಯಿತು, ಪರಿಣಾಮ ಅಷ್ಟು ದೊಡ್ಡದಲ್ಲ ಎಂದವರು ಅನೇಕರು. ಚಿಕ್ಕದೇ ಇರಲಿ, ನನ್ನ ಆ ಹುಡುಗನ ಮೂರು ತಿಂಗಳಿಗೆ ಅಷ್ಟು ಸಾಕಾಯಿತು.

ಕೋಣೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕು ದಿನವೂ ಗೋಡೆ ಅಲಂಕರಿಸುತ್ತಾ ಕೂರಬೇಡಿ. 2014ರಲ್ಲಿ ಅನ್ನಾ ಫಿಶರ್ ಮತ್ತು ಸಂಗಡಿಗರು 24 ಪುಟ್ಟ ಮಕ್ಕಳಿಗೆ ಚಿತ್ರಗಳಿಂದ ತುಂಬಿದ ಕೋಣೆಯಲ್ಲೂ ಬರಿಗೋಡೆಯ ಕೋಣೆಯಲ್ಲೂ ಪಾಠ ಮಾಡಿಸಿದರು. ಸರಿಯುತ್ತರ ಬರಿಗೋಡೆಯಲ್ಲಿ ಶೇ. 55, ತುಂಬಿದ ಕೋಣೆಯಲ್ಲಿ ಶೇ. 42. ಬೋರ್ಡಿನ ಸುತ್ತಲ ಗೋಡೆ ಖಾಲಿ ಬಿಡಿ, ಉಳಿದ ಗೋಡೆಯನ್ನು ಮಕ್ಕಳ ಕೆಲಸ ತುಂಬಲಿ. ಬೆಂಚುಗಳು ಮೊದಲ ಎರಡು ವಾರ ಸಾಲಿನಲ್ಲಿರಲಿ, ರೂಢಿಗಳು ಕುದುರಿದ ಮೇಲೆ ಗುಂಪಾಗಿ ಜೋಡಿಸಿ. ಸ್ಟಾರ್ ಚಾರ್ಟ್ ಹಾಕಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮೊದಲ ವಾರವೇ ಬೇಡ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಮೊದಲೇ ಹೇಳಿ ಬಹುಮಾನ ಕೊಟ್ಟರು. ಬಹುಮಾನ ನಿಂತ ಮೇಲೆ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಅರ್ಧದಷ್ಟಿತ್ತು. ಅದರ ಬದಲು ಕಂಡದ್ದನ್ನು ಹೆಸರಿಟ್ಟು ಹೇಳಿ: "ನಿನ್ನೆ ಚೀಲ ದಾರಿಯಲ್ಲಿತ್ತು, ಇವತ್ತು ಬೆಂಚಿನ ಕೆಳಗಿದೆ, ನೋಡಿದೆ."

ಎರಡನೇ ವಾರದ ಕೊನೆಗೋ ಮೂರನೇ ವಾರಕ್ಕೋ ಎಲ್ಲವೂ ಸಡಿಲವಾದಂತೆ ಕಾಣುತ್ತದೆ. ಕಳೆದ ವರ್ಷ ನೀವು ಕೈಚೆಲ್ಲಿದ್ದು ಅಲ್ಲೇ. ಮಕ್ಕಳ ಅಂಜಿಕೆ ಹೋಗಿರುತ್ತದೆ, ಈ ಟೀಚರ್ ಹೇಳಿದ್ದು ಇನ್ನೂ ನಡೆಯುತ್ತದೆಯೇ ಎಂದು ನೋಡುತ್ತಿರುತ್ತಾರೆ. ಆ ಸೋಮವಾರ ಮತ್ತೆ ಮೊದಲ ದಿನದಂತೆ ಕೈ ಎತ್ತಿ, ಸೆಕೆಂಡ್ ಎಣಿಸಿ, "ಮರೆತಿದ್ದೀವಿ, ಇನ್ನೊಮ್ಮೆ ಕಲಿಯೋಣ" ಎನ್ನಿ. ಪ್ರತಿ ದೀರ್ಘ ರಜೆಯ ನಂತರವೂ ಇದೇ.

ಮೊದಲ ಎರಡು ವಾರದಲ್ಲೇ ಪ್ರತಿ ಮಗುವಿನ ಮನೆಗೂ ಒಂದು ಒಳ್ಳೆಯ ಮಾತು ತಲುಪಿಸಿ, ಬಿಡುವ ಹೊತ್ತಿನಲ್ಲಿ ಬಾಗಿಲ ಬಳಿ ಹೇಳಿದರೂ ಸರಿ, ಡೈರಿಯಲ್ಲಿ ಒಂದು ಸಾಲು ಬರೆದರೂ ಸರಿ. ಮುಂದೆ ದೂರು ಹೇಳಬೇಕಾದ ದಿನ ಬಂದಾಗ ಅವರು ನಿಮ್ಮನ್ನು ಮಗುವಿನ ವಿರುದ್ಧದವರು ಎಂದುಕೊಳ್ಳುವುದಿಲ್ಲ. ಆ ಐದಾರು ಹೆಸರಿನ ಮಕ್ಕಳ ಮನೆಯಿಂದಲೇ ಶುರು ಮಾಡಿ. ಶಾಲೆಯಿಂದ ಒಳ್ಳೆಯ ಮಾತು ಕೇಳಿ ಅವರಿಗೆ ಬಹಳ ಕಾಲವಾಗಿರಬಹುದು.

ನಾಲ್ಕು ದಿನ ಎಂದಿರಿ. ಇವತ್ತು ಖಾಲಿ ಕೋಣೆಯಲ್ಲಿ ಆ ಒಂದು ಗಂಟೆ ಕಳೆಯಿರಿ. ನಾಳೆ ಆ ಇಪ್ಪತ್ತು ಸಂದರ್ಭಗಳಿಗೆ ಉತ್ತರ ಬರೆದು, ದಿನಕ್ಕೆ ಮೂರರಂತೆ ಮೊದಲ ಎರಡು ವಾರಕ್ಕೆ ಹಂಚಿ. ನಾಡಿದ್ದು ಅರ್ಧ ಚಿತ್ರದ 34 ಹಾಳೆ ತಯಾರಿಸಿ, ಹೊಸಬರು ಬಂದರೆಂದು ನಾಲ್ಕು ಹೆಚ್ಚೇ ಇರಲಿ. ಕೊನೆಯ ದಿನ ಹೆಸರಿನ ಪಟ್ಟಿಯನ್ನು ಮೂರು ಸಲ ಗಟ್ಟಿಯಾಗಿ ಓದಿ, ನಲವತ್ತು ಪೆನ್ಸಿಲ್ ಕೆತ್ತಿ ಡಬ್ಬಿಗೆ ಹಾಕಿ, ಬೇಗ ಮಲಗಿ. ಮೂರನೇ ವಾರ ಕಳೆದ ಮೇಲೆ ಕೈ ಎತ್ತಿದಾಗ ಎಷ್ಟು ಸೆಕೆಂಡ್ ಹಿಡಿಯುತ್ತಿದೆ ಎಂದು ನನಗೆ ಬರೆಯಿರಿ.